ಸೊಂಟ ಹಿಡಿದವರ ಚರಿತ್ರೆ

ನೂರು ಕೇಜಿ ಎತ್ತಿದಾಗ ಏನೂ ಆಗಲಿಲ್ಲ. ಐದೈದರಂತೆ ಮೂರು ಸೆಟ್ ಡೆಡ್‌ಲಿಫ್ಟ್, ಎಲ್ಲ ಸಲೀಸು. ಆಮೇಲೆ ಬಾರಿನಿಂದ ಪ್ಲೇಟು ಬಿಚ್ಚಿ ಸ್ಟ್ಯಾಂಡಿಗೆ ಹಾಕ್ತಾ ಇದ್ದೆ. ಕೈಯಲ್ಲಿ ಹತ್ತು ಕೇಜಿಯ ಒಂದು ಪ್ಲೇಟು, ಕಿವಿಗೂ ಭುಜಕ್ಕೂ ನಡುವೆ ಫೋನು, ಫೋನಿನಲ್ಲಿ ಆಫೀಸಿನವರು ‘ಸರ್ವರ್ ಬಿದ್ದಿದೆ, ನೀನೇ ನೋಡ್ಬೇಕು’ ಅಂತಿದ್ದಾರೆ. ಬಗ್ಗಿ ಎಡಕ್ಕೆ ತಿರುಗಿದೆ ನೋಡಿ, ಸೊಂಟವನ್ನು ಯಾರೋ ಇಕ್ಕಳದಲ್ಲಿ ಹಿಡಿದಂತಾಯ್ತು. ಪ್ಲೇಟು ಬಿತ್ತು, ಫೋನು ಬಿತ್ತು, ಕೊನೆಗೆ ನಾನೂ ಬಿದ್ದೆ.

ಟ್ರೈನರ್ ಹುಡುಗ ಓಡಿ ಬಂದು, ‘ಸರ್, ಸ್ಲಿಪ್ ಡಿಸ್ಕ್ ಇರ್ಬೇಕು, ಅಲ್ಲಾಡ್ಬೇಡಿ’ ಅಂದ. ಅವನಿಗೆ ಇಪ್ಪತ್ತೆರಡು ವರ್ಷ ಇರಬಹುದು. ಅವನ ಬಾಯಲ್ಲಿ ಬಂದ ಆ ಎರಡು ಪದ ಎಲ್ಲಿಂದ ಬಂದವು ಅಂತ ಹುಡುಕಿಕೊಂಡು ಹೋದರೆ 1934ರ ಬಾಸ್ಟನ್ನಿಗೆ ಹೋಗಬೇಕಾಗುತ್ತೆ ಅನ್ನೋದು ಆಗ ನನಗೂ ಗೊತ್ತಿರಲಿಲ್ಲ, ಅವನಿಗೂ ಗೊತ್ತಿರಲಿಲ್ಲ. ಇಪ್ಪತ್ತು ನಿಮಿಷ ರಬ್ಬರ್ ನೆಲದ ಮೇಲೆ ಅಂಗಾತ ಬಿದ್ದುಕೊಂಡು ಫ್ಯಾನ್ ನೋಡಿದೆ. ಕೆಮ್ಮಿದರೂ ಜೀವ ಹೋದಂತಾಗ್ತಿತ್ತು.

ಸಂಜೆ ಅಮ್ಮನ ಮೂಲಕ ತಿಪಟೂರಿಗೆ ಸುದ್ದಿ ಹೋಯ್ತು. ಅಪ್ಪ ಫೋನಿನಲ್ಲಿ ಹೇಳಿದ್ದು ಎರಡೇ ಮಾತು: ‘ಹಲಗೆ ಮೇಲೆ ಮಲಕ್ಕೋ. ಇನ್ಮೇಲೆ ಭಾರ ಎತ್ತಬೇಡ ಕಣೋ.’ ಅಪ್ಪ ಸುಮ್ಮನೆ ಉಪದೇಶ ಮಾಡೋ ಜನ ಅಲ್ಲ. ಆ ಎರಡು ಮಾತಿನ ಹಿಂದೆ ಅವರ ಆರು ವಾರ ಇದೆ, ಅದಕ್ಕೆ ಆಮೇಲೆ ಬರ್ತೀನಿ. ಆದರೆ ಅಪ್ಪನ ಮಾತು ಸರಿಯೋ ತಪ್ಪೋ ಅನ್ನೋದು ನನಗೆ ಆ ವಾರ ತೀರಾ ಮುಖ್ಯವಾಗಿತ್ತು. ಮೂರು ವರ್ಷದಿಂದ ಕಷ್ಟಪಟ್ಟು ಕಟ್ಟಿಕೊಂಡಿದ್ದ ಒಂದೇ ಒಂದು ಒಳ್ಳೆ ಚಟ ಅದು. ಬಿಡಬೇಕಾ, ಮುಂದುವರಿಸಬೇಕಾ? ಕೂರೋಕೆ ಆಗದೆ, ನಿಂತೇ ಲ್ಯಾಪ್‌ಟಾಪ್ ನೋಡ್ತಾ ಓದೋಕೆ ಶುರುಮಾಡಿದೆ.

ಮೊದಲು ಕಣ್ಣಿಗೆ ಬಿದ್ದಿದ್ದು ಹೆಸರುಗಳು. ನಾವು ‘ಸೊಂಟ ಹಿಡ್ಕೊಂಡಿದೆ’ ಅಂತೀವಿ. ಆಯುರ್ವೇದದಲ್ಲಿ ಇದು ಕಟಿಗ್ರಹ; ಗ್ರಹ ಅಂದರೂ ಹಿಡಿಯೋದೇ. ಕಾಲಿಗಿಳಿಯುವ ನೋವಿಗೆ ಗೃಧ್ರಸಿ ಅನ್ನುವ ಹೆಸರು, ಗೃಧ್ರ ಅಂದರೆ ಹದ್ದು. ರೋಗಿ ಹದ್ದಿನ ಹಾಗೆ ಕುಂಟುತ್ತಾ ನಡೀತಾನೆ ಅಂತ. ಜರ್ಮನ್ನರು ಇವತ್ತಿಗೂ ದಿಢೀರ್ ಸೊಂಟನೋವಿಗೆ ‘ಹೆಕ್ಸೆನ್‌ಶುಸ್’ ಅಂತಾರೆ, ಮಾಟಗಾತಿ ಬಿಟ್ಟ ಬಾಣ ಅಂತ ಅರ್ಥ. ಎಲ್ಲ ಕಡೆಯೂ ಕಲ್ಪನೆ ಒಂದೇ: ಹೊರಗಿನಿಂದ ಯಾರೋ ಬಂದು ಹಿಡಿದರು, ಹೊಡೆದರು. ರಬ್ಬರ್ ನೆಲದ ಮೇಲೆ ಮಲಗಿದ್ದವನಾಗಿ ಹೇಳ್ತೀನಿ, ಅನಿಸೋದೂ ಹಾಗೇ.

ಹೊರಗಿನವರು ಹಿಡಿದಿದ್ದಕ್ಕೆ ಹೊರಗಿನವರೇ ಬಿಡಿಸಬೇಕಲ್ಲ. ನಮ್ಮ ಕಡೆ ಕಾಲು ಮುಂದಾಗಿ ಹುಟ್ಟಿದವರನ್ನು ಕರೆಸಿ ಸೊಂಟಕ್ಕೆ ಒದೆಸಿಕೊಳ್ಳುವ ಪದ್ಧತಿ ಇದೆ, ನೀವೂ ಕೇಳಿರ್ತೀರಿ. ಇದು ನಮ್ಮೂರ ಮೂಢನಂಬಿಕೆ ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. 19ನೇ ಶತಮಾನದಲ್ಲಿ ಸ್ಕಾಟ್ಲೆಂಡಿನ ಈಶಾನ್ಯ ಭಾಗದ ಜಾನಪದ ಸಂಗ್ರಹಿಸಿದವರು ಅಲ್ಲೂ ಇದೇ ನಂಬಿಕೆ ಇತ್ತು ಅಂತ ಬರೆದಿಟ್ಟಿದ್ದಾರೆ: ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಸೊಂಟದ ನೋವು ಹೋಗುತ್ತೆ. ತುಮಕೂರು ಜಿಲ್ಲೆಗೂ ಸ್ಕಾಟ್ಲೆಂಡಿಗೂ ಎತ್ತಣಿಂದೆತ್ತ ಸಂಬಂಧ! ನನ್ನ ಊಹೆ ಇಷ್ಟು: ಸೊಂಟ ಹಿಡಿದಿದ್ದು ಬಹುಪಾಲು ಸಲ ತಾನಾಗೇ ಬಿಡುತ್ತೆ. ಮೂರನೇ ದಿನ ಯಾರು ಒದ್ದಿರ್ತಾರೋ ಅವರಿಗೆ ಕೀರ್ತಿ.

ಬರವಣಿಗೆಯಲ್ಲಿ ಸಿಗುವ ಅತಿ ಹಳೆಯ ಸೊಂಟನೋವು ಈಜಿಪ್ಟಿನದು. 1862ರಲ್ಲಿ ಎಡ್ವಿನ್ ಸ್ಮಿತ್ ಅನ್ನುವ ಅಮೆರಿಕನ್ ಲಕ್ಸರ್‌ನಲ್ಲಿ ಒಂದು ಪಪೈರಸ್ ಸುರುಳಿ ಕೊಂಡ. ಕ್ರಿಸ್ತಪೂರ್ವ 1600ರ ಸುಮಾರಿನದು, ಅದೂ ಇನ್ನೂ ಹಳೆಯದರ ನಕಲು. ಅದರಲ್ಲಿ 48 ಕೇಸುಗಳಿವೆ. ತಲೆಯಿಂದ ಶುರುವಾಗಿ ಕೆಳಗಿಳಿಯುತ್ತಾ ಬರುತ್ತೆ. ಮಂತ್ರ ಮಾಟ ತೀರಾ ಕಡಿಮೆ, ನೋಡಿದ್ದು, ಮುಟ್ಟಿದ್ದು, ಮಾಡಬೇಕಾದ್ದು, ಅಷ್ಟೇ. ನಲವತ್ತೆಂಟನೇ ಕೇಸು ಬೆನ್ನುಮೂಳೆಯ ಉಳುಕು. ವೈದ್ಯ ರೋಗಿಗೆ ಎರಡೂ ಕಾಲು ಚಾಚಿ ಮತ್ತೆ ಮಡಚು ಅಂತಾನೆ. ರೋಗಿ ಚಾಚಿದ ಕೂಡಲೇ ನೋವಿಗೆ ಮಡಚಿಕೊಂಡುಬಿಡ್ತಾನೆ. ಇದು ನಾನು ಗುಣಪಡಿಸಬಲ್ಲ ಕಾಯಿಲೆ ಅಂತ ವೈದ್ಯ ಧೈರ್ಯವಾಗಿ ತೀರ್ಪು ಕೊಡ್ತಾನೆ. ಅವನನ್ನು ಅಂಗಾತ ಮಲಗಿಸಿ, ಆಮೇಲೆ ಅವನಿಗೆ...

ಅಲ್ಲಿಗೆ ನಿಂತುಹೋಗಿದೆ. ನಕಲು ಮಾಡುತ್ತಿದ್ದವನು ವಾಕ್ಯದ ನಡುವೆಯೇ ಬರೆಯೋದು ನಿಲ್ಲಿಸಿದ್ದಾನೆ. ಮುಂದೇನು ಮಾಡಬೇಕು ಅಂತ ಬರೆಯೋ ಹೊತ್ತಿಗೆ ಅವನಿಗೇ ಸೊಂಟ ಹಿಡೀತೋ ಏನೋ. ಮುಂದಿನ ಮೂರೂವರೆ ಸಾವಿರ ವರ್ಷ ಆ ಖಾಲಿ ಜಾಗ ತುಂಬೋದರಲ್ಲೇ ಕಳೆದಿದೆ ಅಂದರೆ ತಪ್ಪಿಲ್ಲ.

ಗ್ರೀಕರ ಬಗ್ಗೆ ಹೆಚ್ಚು ಹೇಳಲ್ಲ. ಬಾಗಿದ ಬೆನ್ನಿನವರನ್ನು ಏಣಿಗೆ ಕಟ್ಟಿ, ಮೇಲಕ್ಕೆತ್ತಿ, ಧಡಾರನೆ ಕೆಳಗೆ ಬಿಡುವ ಚಿಕಿತ್ಸೆಯೊಂದು ಹಿಪೊಕ್ರೆಟಿಸ್ ಹೆಸರಿನ ಗ್ರಂಥಗಳಲ್ಲಿ ಬರುತ್ತೆ. ಅದನ್ನು ಬರೆದವನೇ, ಇದನ್ನು ಹೆಚ್ಚಾಗಿ ಮಾಡೋರು ಜನರನ್ನು ಬೆರಗುಗೊಳಿಸಬೇಕು ಅನ್ನುವ ಆಸೆಯವರು ಅಂತ ಟೀಕೆಯನ್ನೂ ಸೇರಿಸಿದ್ದಾನೆ. ಬೆನ್ನಿನಿಂದ ‘ಟಕ್’ ಅನ್ನಿಸುವ ವಿಡಿಯೋಗಳನ್ನು ನೋಡುವಾಗ ನನಗೆ ಈ ಏಣಿ ನೆನಪಾಗುತ್ತೆ.

ಗಮನಿಸಬೇಕಾದ ವಿಷಯ ಅಂದರೆ, ಶತಮಾನಗಳ ಕಾಲ ಸೊಂಟನೋವು ನೆಗಡಿಯ ಹಾಗೆ ಬಂದುಹೋಗುವ ಬಾಧೆಯಾಗಿತ್ತು. ವಾತ ಅಂತ ನಮ್ಮವರು, ರುಮ್ಯಾಟಿಸಂ ಅಂತ ಅವರು. ಬಿಸಿ ಶಾಖ, ಎಣ್ಣೆ, ನಾಲ್ಕು ದಿನ ನರಳಾಟ, ಮತ್ತೆ ಹೊಲ. ಅದಕ್ಕೂ ಬೆನ್ನುಮೂಳೆ ಮುರಿಯೋದಕ್ಕೂ ಸಂಬಂಧ ಇದೆ ಅಂತ ಯಾರಿಗೂ ಬಲವಾಗಿ ಅನಿಸಿರಲಿಲ್ಲ. ಆ ಸಂಬಂಧ ಕಲ್ಪಿಸಿದ್ದು ರೈಲು. ಇಂಗ್ಲೆಂಡಿನಲ್ಲಿ ರೈಲು ಅಪಘಾತಗಳು ಹೆಚ್ಚಿ, ಪರಿಹಾರದ ಮೊಕದ್ದಮೆಗಳೂ ಹೆಚ್ಚಿ, 1866ರಲ್ಲಿ ಜಾನ್ ಎರಿಕ್ ಎರಿಕ್ಸೆನ್ ಅನ್ನುವ ಸರ್ಜನ್ ಈ ಬಗ್ಗೆ ಪುಸ್ತಕವನ್ನೇ ಬರೆದ. ಮೇಲೆ ಗಾಯ ಕಾಣದಿದ್ದರೂ ಕುಲುಕಾಟದಿಂದ ಬೆನ್ನುಹುರಿಗೆ ಪೆಟ್ಟಾಗಿರುತ್ತೆ ಅನ್ನುವ ವಾದ. ಜನರ ಬಾಯಲ್ಲಿ ಅದು ‘ರೈಲ್ವೆ ಸ್ಪೈನ್’ ಆಯ್ತು. ಸೊಂಟನೋವು ಅಂದರೆ ಏಟು, ಒಳಗೇನೋ ಹಾಳಾಗಿದೆ, ಯಾರೋ ಹೊಣೆ ಅನ್ನುವ ಯೋಚನೆ ಆಗ ಬೇರೂರಿತು.

ಅದೇ ಕಾಲಕ್ಕೆ ಇನ್ನೊಂದು ಪುಸ್ತಕ. 1863ರಲ್ಲಿ ಲಂಡನ್ನಿನ ಜಾನ್ ಹಿಲ್ಟನ್, ನೋವಿಗೂ ಗಾಯಕ್ಕೂ ವಿಶ್ರಾಂತಿಯೇ ಮದ್ದು ಅಂತ ತನ್ನ ಉಪನ್ಯಾಸಗಳನ್ನು ಪ್ರಕಟಿಸಿದ. ಲಿವರ್‌ಪೂಲಿನ ಹ್ಯೂ ಓವನ್ ಥಾಮಸ್ ಅದನ್ನು ಇನ್ನೂ ಬಿಗಿಮಾಡಿದ. ಮೂಳೆ ಮುರಿದವರಿಗೆ, ಮೂಳೆಯ ಕ್ಷಯ ಬಂದವರಿಗೆ ಅಲುಗಾಡದೆ ಇರೋದು ನಿಜವಾಗಿ ಜೀವ ಉಳಿಸುತ್ತಿತ್ತು, ಆಂಟಿಬಯಾಟಿಕ್ ಇಲ್ಲದ ಕಾಲ. ತಪ್ಪಾಗಿದ್ದು ಎಲ್ಲಿ ಅಂದರೆ, ಮುರಿದ ಮೂಳೆಗೆ ಸರಿಹೋದ ಮದ್ದನ್ನು ಹಿಡಿದ ಸೊಂಟಕ್ಕೂ ಬರೆದುಕೊಟ್ಟರು.

ಇನ್ನು 1934. ಬಾಸ್ಟನ್ನಿನಲ್ಲಿ ವಿಲಿಯಂ ಮಿಕ್ಸ್‌ಟರ್ ಮತ್ತು ಜೋಸೆಫ್ ಬಾರ್ ಅನ್ನುವ ಇಬ್ಬರು ಸರ್ಜನ್‌ಗಳು, ಕಾಲಿಗಿಳಿಯುವ ನೋವಿಗೆ ಕಶೇರುಗಳ ನಡುವಿನ ಡಿಸ್ಕ್ ಒಡೆದು ನರ ಒತ್ತುವುದು ಕಾರಣ ಅಂತ ತೋರಿಸಿದರು. ದೊಡ್ಡ ಕೆಲಸವೇ. ಸರಿಯಾದ ರೋಗಿಗೆ ಆಪರೇಷನ್ ಮಾಡಿದರೆ ಗುಣವಾಗುತ್ತಿತ್ತು. ಆದರೆ ಮುಂದಿನ ಐವತ್ತು ವರ್ಷ ಯಾವ ಸೊಂಟ ಹಿಡಿದರೂ ಅಪರಾಧಿ ಡಿಸ್ಕೇ ಅಂತಾಯ್ತು. ‘ಸ್ಲಿಪ್ ಡಿಸ್ಕ್’ ಅನ್ನುವ ಪದವೇ ನೋಡಿ, ಸೋಪಿನ ಬಿಲ್ಲೆ ಜಾರಿದ ಹಾಗೆ. ಡಿಸ್ಕ್ ಜಾರಲ್ಲ. ಮೇಲೂ ಕೆಳಗೂ ಮೂಳೆಗೆ ಗಟ್ಟಿಯಾಗಿ ಅಂಟಿಕೊಂಡಿರುತ್ತೆ. ಉಬ್ಬಬಹುದು, ಒಡೆಯಬಹುದು. ಜಾರುತ್ತೆ ಅಂತ ಒಮ್ಮೆ ತಲೆಗೆ ಹೊಕ್ಕಿದರೆ ಮಾತ್ರ, ಬಕೆಟ್ ಎತ್ತುವಾಗಲೂ ಮನುಷ್ಯ ಗಾಜಿನ ಲೋಟ ಹಿಡಿದವನ ಹಾಗೆ ಬಗ್ಗುತ್ತಾನೆ.

ಹಾಗೆ ಬಗ್ಗುವ ಒಬ್ಬರನ್ನು ನಾನು ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನೋಡಿದ್ದೀನಿ.

1991ರಲ್ಲಿ ಅಪ್ಪ ತಿಪಟೂರಿನ ಕೊಬ್ಬರಿ ಮಂಡಿಯೊಂದರಲ್ಲಿ ಲೆಕ್ಕ ಬರೆಯೋರು. ಲೆಕ್ಕ ಬರೆಯೋದು ಅಂತ ಹೆಸರಿಗೆ; ಹಮಾಲಿಗಳು ಕಡಿಮೆಯಾದ ದಿನ ಮೂಟೆಗೂ ಕೈ ಹಾಕಬೇಕಿತ್ತು. ಮೂವತ್ತೆರಡು ವರ್ಷ, ಗಟ್ಟಿ ಆಳು. ಒಂದು ಬೆಳಗ್ಗೆ ಲಾರಿಗೆ ಮೂಟೆ ಹತ್ತಿಸೋಕೆ ಹೋಗಿ ಸೊಂಟ ಹಿಡೀತು. ಪಕ್ಕದ ಬೀದಿಯ ಕಾಲುಹುಟ್ಟಿದ ಅಜ್ಜಿ ಬಂದು ಮೂರು ಸಲ ಒದ್ದರು. ಕೇಳಲಿಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋದರು. ಎಕ್ಸ್‌ರೇ ಆಯ್ತು. ಡಿಸ್ಕ್ ಜಾರಿದೆ, ಹಲಗೆ ಮೇಲೆ ಮೂರು ವಾರ ಮಲಗಬೇಕು, ಎದ್ದರೆ ಕಾಲು ಹೋಗಬಹುದು ಅಂದರು. ಮೂರು ವಾರ ಆದ ಮೇಲೆ ಎದ್ದು ನಿಂತರೆ ತಲೆ ಸುತ್ತು, ಕಾಲಲ್ಲಿ ಶಕ್ತಿಯಿಲ್ಲ, ಸೊಂಟ ಮೊದಲಿಗಿಂತ ಬಿಗಿ. ಹಾಗಾಗಿ ಇನ್ನೂ ಮೂರು ವಾರ. ಬಾಗಿಲು ತೆಗೆದು ಅದನ್ನೇ ಮಂಚದ ಮೇಲೆ ಹಾಕಿದ್ದರು ಅಂತ ಅಮ್ಮ ಹೇಳ್ತಾರೆ. ಮಂಡಿಯವರು ಎರಡನೇ ತಿಂಗಳು ಬೇರೆಯವರನ್ನು ಇಟ್ಟುಕೊಂಡರು. ಅಪ್ಪ ಆಮೇಲೆ ಕಡಿಮೆ ಸಂಬಳಕ್ಕೆ ಒಂದು ಅಂಗಡಿಯ ಗಲ್ಲಾದಲ್ಲಿ ಕೂತರು. ನನ್ನನ್ನು ಎತ್ತಿಕೊಂಡು ಜಾತ್ರೆಗೆ ಹೋದ ನೆನಪು ನನಗಿಲ್ಲ, ಯಾಕಂದರೆ ಹೋಗಲೇ ಇಲ್ಲ. ಅರ್ಧ ಬಕೆಟ್‌ಗಿಂತ ಹೆಚ್ಚು ನೀರು ಅವರು ಎತ್ತಿದ್ದನ್ನು ನೋಡಿಲ್ಲ.

ಈಗ ಈ ತಾರೀಖುಗಳನ್ನು ನೋಡಿ. 1986ರಲ್ಲಿ ಅಮೆರಿಕದ ರಿಚರ್ಡ್ ಡಿಯೋ ಮತ್ತವರ ಜೊತೆಗಾರರು ಸೊಂಟನೋವಿನ 203 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ಎರಡು ದಿನ, ಇನ್ನೊಂದಕ್ಕೆ ಏಳು ದಿನ ಮಲಗಲು ಹೇಳಿದರು. ಎರಡು ದಿನದವರು ಕೆಲಸ ತಪ್ಪಿಸಿಕೊಂಡಿದ್ದು ಶೇಕಡ 45ರಷ್ಟು ಕಡಿಮೆ. ಗುಣವಾಗುವುದರಲ್ಲಿ ಬೇರೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಉಳಿದ ಐದು ದಿನ ಮಲಗಿ ಬಂದ ಲಾಭ ಏನೂ ಇಲ್ಲ. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿಯಲ್ಲಿ ನಗರಾಡಳಿತದ 186 ನೌಕರರ ಮೇಲೆ ಇನ್ನೊಂದು ಹೆಜ್ಜೆ ಮುಂದೆ ಹೋದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಒಂದಕ್ಕೆ ವ್ಯಾಯಾಮ, ಒಂದಕ್ಕೆ ‘ನೋವು ತಡೆಯುವಷ್ಟು ಓಡಾಡಿಕೊಂಡು ಮಾಮೂಲಿನಂತಿರಿ’ ಅನ್ನುವ ಮಾತು. ಬೇಗ ಚೇತರಿಸಿಕೊಂಡವರು ಮೂರನೆಯವರು. ಎಲ್ಲರಿಗಿಂತ ನಿಧಾನ ಹಾಸಿಗೆಯವರು. ನಡುವೆ 1994ರಲ್ಲಿ, ಸೊಂಟನೋವು ಇಲ್ಲದ 98 ಜನರನ್ನು ಎಮ್ಮಾರೈ ಯಂತ್ರಕ್ಕೆ ತೂರಿಸಿ ನೋಡಿದರೆ, ಎಲ್ಲ ಡಿಸ್ಕೂ ಸರಿಯಾಗಿದ್ದವರು ಶೇಕಡ 36 ಮಾತ್ರ. ಅರ್ಧಕ್ಕಿಂತ ಹೆಚ್ಚು ಜನರಿಗೆ ಎಲ್ಲೋ ಒಂದು ಕಡೆ ಡಿಸ್ಕ್ ಉಬ್ಬಿತ್ತು. ಆರಾಮಾಗಿ ಓಡಾಡಿಕೊಂಡಿದ್ದವರಿಗೇ ಹೀಗಾದರೆ, ನೋವಿದ್ದವನ ಸ್ಕ್ಯಾನಿನಲ್ಲಿ ಉಬ್ಬು ಕಂಡಿತು ಅಂದ ಮಾತ್ರಕ್ಕೆ ಅದೇ ಕಳ್ಳ ಅನ್ನೋದು ಹೇಗೆ?

1986 ಅಂದರೆ ಅಪ್ಪ ಹಲಗೆ ಮೇಲೆ ಮಲಗೋದಕ್ಕೆ ಐದು ವರ್ಷ ಮೊದಲು. ಆ ಪೇಪರ್ ತಿಪಟೂರಿಗೆ ಬರಲಿಲ್ಲ. ಬಹಳಷ್ಟು ಊರುಗಳಿಗೆ ಬರಲಿಲ್ಲ ಬಿಡಿ. ಲಂಡನ್ನಿನಲ್ಲೂ ನ್ಯೂಯಾರ್ಕಿನಲ್ಲೂ ಆಗ ಜನರನ್ನು ಮಲಗಿಸುತ್ತಲೇ ಇದ್ದರು. ಆ ಡಾಕ್ಟರನ್ನು ಬೈಯೋಕೆ ನನಗೆ ಮನಸ್ಸಿಲ್ಲ. ತಾನು ಓದಿದ ಪುಸ್ತಕದಲ್ಲಿದ್ದದ್ದನ್ನೇ ಹೇಳಿದರು. ಆದರೂ ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ, ಸೊಂಟದ ಕಾರಣಕ್ಕಲ್ಲ.

ಹಾಗಾದರೆ ಭಾರ ಎತ್ತುವವರ ಕಥೆ? ಡಾಕ್ಟರುಗಳು ಮಲಗಿಸುತ್ತಿದ್ದ ಅದೇ ದಶಕಗಳಲ್ಲಿ ಇವರು ಎತ್ತುತ್ತಲೇ ಇದ್ದರು, ಸೊಂಟ ಹಿಡಿಸಿಕೊಳ್ಳುತ್ತಲೂ ಇದ್ದರು. ನಮ್ಮಲ್ಲಿ ಉತ್ತರ ಕರ್ನಾಟಕದ ಜಾತ್ರೆಗಳ ಸಂಗ್ರಾಣಿ ಕಲ್ಲು ನೋಡಿ. ಗುಂಡುಕಲ್ಲಿಗೆ ಹಿಡಿ ಇರಲ್ಲ. ಅದನ್ನು ತಬ್ಬಿ ಎತ್ತಬೇಕು ಅಂದರೆ ಬೆನ್ನು ಬಿಲ್ಲಾಗಲೇಬೇಕು. ‘ಬೆನ್ನು ನೆಟ್ಟಗಿರಲಿ’ ಅಂತ ಕಿರುಚುವ ನಮ್ಮ ಟ್ರೈನರುಗಳು ಅಲ್ಲಿದ್ದರೆ ಮೂರ್ಛೆ ಹೋಗ್ತಾರೆ. ಅಮೆರಿಕದ ಬಾಬ್ ಪೀಪಲ್ಸ್ ಅನ್ನುವ ರೈತ 1949ರಲ್ಲಿ 725 ಪೌಂಡ್, ಅಂದರೆ ಸುಮಾರು 329 ಕೇಜಿ ಡೆಡ್‌ಲಿಫ್ಟ್ ಮಾಡಿದ. ಅವನ ಮೈತೂಕ 82 ಕೇಜಿ ಆಸುಪಾಸು. ಅದೂ ಮೇಲ್ಬೆನ್ನು ಬಾಗಿಸಿ, ಉಸಿರು ಹೊರಗೆ ಬಿಟ್ಟು. ಇವತ್ತಿನ ಎಲ್ಲ ಪಾಠಕ್ಕೂ ಉಲ್ಟಾ. ಆದರೆ ಪೀಪಲ್ಸ್ ವರ್ಷಗಟ್ಟಲೆ ಹಾಗೇ ಎತ್ತಿ ಆ ಬೆನ್ನನ್ನು ಆ ಕೆಲಸಕ್ಕೆ ತಯಾರು ಮಾಡಿದ್ದ. ಕಲ್ಲೆತ್ತುವವರೂ ಅಷ್ಟೆ, ಚಿಕ್ಕ ಕಲ್ಲಿನಿಂದ ದೊಡ್ಡದಕ್ಕೆ ಬಂದವರು. ವಾರಕ್ಕೆ ಐವತ್ತು ಗಂಟೆ ಕುರ್ಚಿಯಲ್ಲಿ ಕೂರುವ ನಾವು ಅವರ ಫೋಟೋ ನೋಡಿ ಬೆನ್ನು ಬಾಗಿಸಿದರೆ ಅದು ಬೇರೆ ಲೆಕ್ಕ.

ಬೆಂಗಳೂರಿಗೂ ಈ ಕಥೆಯಲ್ಲಿ ಜಾಗ ಇದೆ. ‘ಶಾಂತಲಾ’ ಕಾದಂಬರಿ ಬರೆದ ಕೆ. ವಿ. ಅಯ್ಯರ್ ಅಂದರೆ ನಮಗೆ ಸಾಹಿತಿ. ಅವರ ಕಾಲದವರಿಗೆ ಅವರು ಮೊದಲು ಪೈಲ್ವಾನರು, ವ್ಯಾಯಾಮದ ಪ್ರೊಫೆಸರ್. ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ, ಅಂಚೆಯಲ್ಲಿ ಪಾಠ ಕಳಿಸಿ, 1930ರ ದಶಕದಲ್ಲೇ ಬಾರ್‌ಬೆಲ್ಲಿನ ಜೊತೆಗೆ ಸೂರ್ಯನಮಸ್ಕಾರ, ಆಸನಗಳನ್ನು ಸೇರಿಸಿ ಕಲಿಸಿದವರು. ಭಾರ ಎತ್ತುವ ಮೈಯನ್ನು ಬಗ್ಗಿಸುವುದನ್ನೂ ಕಲಿಸಬೇಕು ಅನ್ನುವ ಈ ಜೋಡಿಯನ್ನು ನಾವು ಈಗ ‘ಮೊಬಿಲಿಟಿ ವರ್ಕ್’ ಅಂತ ಹೊಸ ಹೆಸರಿನಲ್ಲಿ ತಿಂಗಳಿಗೆ ಇಷ್ಟು ಅಂತ ದುಡ್ಡು ಕೊಟ್ಟು ಕಲೀತಿದ್ದೀವಿ.

ಒಲಿಂಪಿಕ್ಸಿನಲ್ಲಿ 1972ರವರೆಗೆ ಮೂರು ಬಗೆಯ ಎತ್ತುವಿಕೆ ಇತ್ತು. ಸ್ನ್ಯಾಚ್, ಕ್ಲೀನ್ ಅಂಡ್ ಜರ್ಕ್ ಈಗಲೂ ಇವೆ. ಮೂರನೆಯದು ಪ್ರೆಸ್: ಭುಜದಿಂದ ತಲೆಯ ಮೇಲಕ್ಕೆ, ಕಾಲು ಬಗ್ಗಿಸದೆ ಕೈಬಲದಿಂದಲೇ ತಳ್ಳುವುದು. ನಿಯಮದ ಪ್ರಕಾರ ನೆಟ್ಟಗೆ ನಿಂತಿರಬೇಕು. ತೂಕ ಏರಿದಂತೆಲ್ಲ ಸ್ಪರ್ಧಿಗಳು ಸೊಂಟ ಮುಂದಕ್ಕೆ ತಳ್ಳಿ ಹಿಂದಕ್ಕೆ ವಾಲೋಕೆ ಶುರುಮಾಡಿದರು. ಎಷ್ಟು ವಾಲಿದರೆ ತಪ್ಪು ಅಂತ ತೀರ್ಪುಗಾರರಿಗೇ ಗೊತ್ತಾಗದೆ ಮ್ಯೂನಿಕ್ ಒಲಿಂಪಿಕ್ಸ್ ನಂತರ ಅದನ್ನು ಕೈಬಿಟ್ಟರು. ತೀರ್ಪಿನ ಗೊಂದಲ ಮುಖ್ಯ ಕಾರಣ, ಕೆಳಬೆನ್ನಿನ ಮೇಲೆ ಬೀಳುತ್ತಿದ್ದ ಹೊರೆಯ ಆತಂಕವೂ ಜೊತೆಗಿತ್ತು.

ಸೊಂಟ ಮುರಿದುಕೊಂಡು ಮದ್ದನ್ನೂ ತಾವೇ ಕಂಡುಕೊಂಡವರಿದ್ದಾರೆ. ಅಮೆರಿಕದ ಒಹಾಯೋದ ಪವರ್‌ಲಿಫ್ಟರ್ ಲೂಯಿ ಸಿಮನ್ಸ್ 1970ರ ದಶಕದಲ್ಲಿ ಕೆಳಬೆನ್ನಿನ ಕಶೇರು ಮುರಿದುಕೊಂಡ. ಮೇಜಿನ ಮೇಲೆ ಬೋರಲು ಮಲಗಿ, ಕಾಲುಗಳನ್ನು ಇಳಿಬಿಟ್ಟು, ಹಿಂದಕ್ಕೆ ಬೀಸಿ ಎತ್ತುವ ಯಂತ್ರವೊಂದನ್ನು ತನಗಾಗಿ ಮಾಡಿಕೊಂಡ. ‘ರಿವರ್ಸ್ ಹೈಪರ್’ ಅಂತ ಈಗ ದೊಡ್ಡ ಜಿಮ್‌ಗಳಲ್ಲಿ ಇದೆ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯದ ಸ್ಟುವರ್ಟ್ ಮೆಗಿಲ್ ಇದಕ್ಕೆ ಪೂರ್ತಿ ಬೇರೆ ದಾರಿಯವರು. ಹಂದಿಯ ಬೆನ್ನುಮೂಳೆಗಳನ್ನು ಯಂತ್ರಕ್ಕೆ ಸಿಕ್ಕಿಸಿ, ಒತ್ತಡದಲ್ಲಿ ಸಾವಿರಾರು ಸಲ ಬಗ್ಗಿಸಿದರೆ ಡಿಸ್ಕ್ ಹೇಗೆ ಒಡೆಯುತ್ತೆ ಅಂತ ತೋರಿಸಿದವರು. ಸೊಂಟವನ್ನು ಅಲ್ಲಾಡಿಸದೆ ಅದರ ಸುತ್ತಲಿನ ಸ್ನಾಯು ಗಟ್ಟಿಮಾಡುವ ಅವರ ಮೂರು ವ್ಯಾಯಾಮಗಳನ್ನು ನನ್ನ ಫಿಸಿಯೋ ನಾಲ್ಕನೇ ದಿನಕ್ಕೇ ಹಚ್ಚಿದರು: ಅಂಗಾತ ಮಲಗಿ ತಲೆ ಭುಜ ಒಂದಿಷ್ಟೇ ಎತ್ತುವುದು, ಮೊಣಕೈ ಊರಿ ಪಕ್ಕಕ್ಕೆ ಮಲಗಿ ಸೊಂಟ ಎತ್ತಿ ಹಿಡಿಯುವುದು, ನಾಲ್ಕು ಕಾಲಿನ ಮೇಲೆ ನಿಂತು ಎದುರುಬದುರಿನ ಕೈಕಾಲು ಚಾಚುವುದು. ಸತ್ತ ಹಂದಿಯ ಮೂಳೆ ತನ್ನನ್ನು ತಾನು ರಿಪೇರಿ ಮಾಡಿಕೊಳ್ಳಲ್ಲ, ನಮ್ಮದು ಮಾಡಿಕೊಳ್ಳುತ್ತೆ ಅನ್ನೋದನ್ನೂ ನೆನಪಿಟ್ಟುಕೊಂಡರೆ ಮೆಗಿಲ್ ಅವರನ್ನು ಓದುವಾಗ ಹೆದರಿಕೆ ಆಗಲ್ಲ.

ನಮ್ಮವರಲ್ಲಿ ಮೀರಾಬಾಯಿ ಚಾನು. 2017ರಲ್ಲಿ ವಿಶ್ವ ಚಾಂಪಿಯನ್ ಆದ ಅವರು ಮರುವರ್ಷ ಕೆಳಬೆನ್ನಿನ ನೋವಿನಿಂದ ಏಷ್ಯನ್ ಗೇಮ್ಸ್ ತಪ್ಪಿಸಿಕೊಂಡರು. ಭಾರ ಎತ್ತಬೇಡ ಅಂತ ಅವರಿಗೂ ಯಾರಾದರೂ ಹೇಳಿರಬಹುದು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ 49 ಕೇಜಿ ವಿಭಾಗದಲ್ಲಿ ಒಟ್ಟು 202 ಕೇಜಿ ಎತ್ತಿ ಬೆಳ್ಳಿ ತಂದರು.

ಸರಿ, ಹಿಡಿದಾಗ ಮಾಡೋದೇನು? ಮೊದಲು ಮಾಡಬಾರದ್ದು ಹೇಳಿಬಿಡ್ತೀನಿ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿ ಗುದದ ಸುತ್ತ ಮರಗಟ್ಟಿದರೆ, ಕಾಲು ಸೋಲುತ್ತಿದ್ದರೆ, ಜ್ವರ ಇದ್ದರೆ, ಬಿದ್ದು ಪೆಟ್ಟಾಗಿದ್ದರೆ ಇಂಥ ಲೇಖನ ಓದುತ್ತಾ ಕೂರಬಾರದು, ಆವತ್ತೇ ಆಸ್ಪತ್ರೆಗೆ ಹೋಗಬೇಕು. ಇವು ಅಪರೂಪ, ಆದರೆ ಇವುಗಳಲ್ಲಿ ತಡ ಮಾಡಿದರೆ ನಿಜವಾಗಿಯೂ ಕಾಲು ಹೋಗಬಹುದು.

ಉಳಿದ ಬಹುಪಾಲು ಸಲ ಆಗಿರೋದು ಇಷ್ಟು: ಒಳಗೆಲ್ಲೋ ಸಣ್ಣ ಕಿರಿಕ್ ಆಗಿದೆ, ಸುತ್ತಲ ಸ್ನಾಯುಗಳು ಗಾಬರಿಬಿದ್ದು ಬಿಗಿಹಿಡಿದಿವೆ. ಬಾಗಿಲಲ್ಲಿ ಇಲಿ ಕಂಡರೆ ಊರೆಲ್ಲ ಬೀಗ ಹಾಕಿಕೊಂಡ ಹಾಗೆ. ನೋವು ದೊಡ್ಡದು ಅಂದ ಮಾತ್ರಕ್ಕೆ ಹಾನಿ ದೊಡ್ಡದಲ್ಲ. ಮೊದಲ ದಿನ ನಾನು ಕಾಲುಗಳನ್ನು ಕುರ್ಚಿಯ ಮೇಲಿಟ್ಟು ನೆಲದಲ್ಲಿ ಮಲಗಿದೆ, ಅದೊಂದೇ ಭಂಗಿಯಲ್ಲಿ ಜೀವ ತಣ್ಣಗಾಗುತ್ತಿತ್ತು. ಆದರೆ ಗಂಟೆಗೊಮ್ಮೆ ಗೋಡೆ ಹಿಡಿದು ಎದ್ದು ಹಾಲಿನಿಂದ ಅಡುಗೆಮನೆಗೆ ನಡೆದೆ. ಬಿಸಿನೀರಿನ ಚೀಲ ನಿಜವಾಗಿ ಕೆಲಸಕ್ಕೆ ಬಂತು. ಅಜ್ಜಿಯರ ಶಾಖ ಮಾತ್ರ ಎಲ್ಲ ಪರೀಕ್ಷೆಯನ್ನೂ ದಾಟಿ ಬಂದು ಇವತ್ತಿನ ವೈದ್ಯಕೀಯ ಸಲಹೆಗಳಲ್ಲೂ ಉಳಿದಿದೆ. ಪ್ಯಾರಸಿಟಮಾಲ್ ಬಗ್ಗೆ 2014ರಲ್ಲಿ ಆಸ್ಟ್ರೇಲಿಯಾದಲ್ಲಿ 1,652 ಜನರ ಮೇಲೆ ದೊಡ್ಡ ಪರೀಕ್ಷೆ ನಡೆಯಿತು. ಮಾತ್ರೆ ತಿಂದವರಿಗೆ ಗುಣವಾಗೋಕೆ 17 ದಿನ, ಬರೀ ಹಿಟ್ಟಿನ ಗುಳಿಗೆ ತಿಂದವರಿಗೆ 16. ಬೇರೆ ನೋವಿನ ಮಾತ್ರೆ ಬೇಕಾದರೆ ಡಾಕ್ಟರನ್ನು ಕೇಳಿ, ಮೆಡಿಕಲ್ ಶಾಪಿನವರನ್ನಲ್ಲ. ಸುಮಾರು ಎರಡು ವಾರದ ವಿಷಯ ಅಂತ ಗೊತ್ತಾಗಿದ್ದೇ ನನಗೆ ಅರ್ಧ ಮದ್ದಾಯ್ತು.

ತಡೆಯುವ ವಿಷಯದಲ್ಲಿ ನನಗೆ ಆಶ್ಚರ್ಯ ತಂದಿದ್ದು 2015ರ ಇನ್ನೊಂದು ಆಸ್ಟ್ರೇಲಿಯಾ ಅಧ್ಯಯನ. ದಿಢೀರ್ ಸೊಂಟ ಹಿಡಿದ 999 ಜನರನ್ನು, ಹಿಡಿಯುವ ಮುಂಚೆ ಏನು ಮಾಡ್ತಿದ್ರಿ ಅಂತ ಕೇಳಿದರು. ಭಾರ ಎತ್ತುವುದು, ವಕ್ರವಾಗಿ ಬಗ್ಗುವುದು ಎಲ್ಲ ಪಟ್ಟಿಯಲ್ಲಿವೆ, ವಯಸ್ಸು ಚಿಕ್ಕದಾದಷ್ಟೂ ಭಾರದ ಪಾಲು ಹೆಚ್ಚು. ಆದರೆ ಎಲ್ಲಕ್ಕಿಂತ ಮೇಲೆ ನಿಂತಿದ್ದು ಗಮನ ಬೇರೆಡೆ ಇರೋದು. ಅದರಿಂದ ಅಪಾಯ ಇಪ್ಪತ್ತೈದು ಪಟ್ಟು. ಹೊತ್ತಿನ ಲೆಕ್ಕದಲ್ಲಿ ಹೆಚ್ಚು ಜನರಿಗೆ ಹಿಡಿದಿದ್ದು ಬೆಳಗ್ಗೆ ಏಳರಿಂದ ಮಧ್ಯಾಹ್ನದೊಳಗೆ. ನನ್ನ ಹತ್ತು ಕೇಜಿ ಪ್ಲೇಟು, ಫೋನು, ಬೆಳಗಿನ ಏಳೂವರೆ ಗಂಟೆ, ಮೂರೂ ಅಲ್ಲಿದ್ದವು! ಬೆಳಗಿನದಕ್ಕೆ ಒಂದು ಕಾರಣ ಇದೆ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ, ಬೆಳಗ್ಗೆ ನಾವು ಸಂಜೆಗಿಂತ ಒಂದೂವರೆ ಸೆಂಟಿಮೀಟರಿನಷ್ಟು ಉದ್ದ ಇರ್ತೀವಿ. ಉಬ್ಬಿದ ಡಿಸ್ಕ್ ಬಗ್ಗಿದಾಗ ಹೆಚ್ಚು ಬಿಗಿಯುತ್ತೆ. ಎದ್ದು ಹಲ್ಲುಜ್ಜಿ ನೇರ ಜಿಮ್ಮಿಗೆ ಓಡೋ ಜನ ನಾವು. ಒಂದು ಗಂಟೆ ಓಡಾಡಿ, ಕಾಫಿ ಕುಡಿದು, ಆಮೇಲೆ ಬಾರಿಗೆ ಕೈ ಹಾಕಿದರೆ ಕಳಕೊಳ್ಳೋದೇನೂ ಇಲ್ಲ.

ಬೆಲ್ಟ್ ಕೊಳ್ಳಲಾ ಅಂತ ಎಲ್ಲರೂ ಕೇಳ್ತಾರೆ. 1994ರಲ್ಲೇ ಅಮೆರಿಕದ ಕಾರ್ಮಿಕ ಆರೋಗ್ಯ ಸಂಸ್ಥೆ, ಸೊಂಟಪಟ್ಟಿ ಕಟ್ಟಿಕೊಂಡರೆ ಆರೋಗ್ಯವಂತ ಕೆಲಸಗಾರರಿಗೆ ಗಾಯ ತಪ್ಪುತ್ತೆ ಅನ್ನೋದಕ್ಕೆ ಆಧಾರವಿಲ್ಲ ಅಂತ ಹೇಳಿತ್ತು. ಎತ್ತುವವರ ಬೆಲ್ಟಿನ ಉಪಯೋಗ ಬೇರೆ. ಹೊಟ್ಟೆ ತುಂಬ ಉಸಿರು ಎಳೆದು, ಆ ಹೊಟ್ಟೆಯನ್ನು ಸುತ್ತಲೂ ಬೆಲ್ಟಿಗೆ ಒತ್ತಿದರೆ ಒಳಗಿನ ಒತ್ತಡ ಏರಿ ನಡು ಕಂಬದಂತಾಗುತ್ತೆ. ಒತ್ತೋದು ಗೊತ್ತಿಲ್ಲದವನಿಗೆ ಬೆಲ್ಟು ಬರೀ ಅಲಂಕಾರ. ಬಿಪಿ ಇರೋರು ಹೀಗೆ ಉಸಿರು ಕಟ್ಟುವ ಮುಂಚೆ ಡಾಕ್ಟರನ್ನು ಕೇಳಬೇಕು. ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದವರಿಗೆ, ಮತ್ತೆ ಮತ್ತೆ ಸೊಂಟ ಹಿಡಿಯೋದನ್ನು ತಗ್ಗಿಸುತ್ತೆ ಅಂತ ಕಂಡಿದ್ದು ಬೆಲ್ಟಲ್ಲ, ಶೂ ಒಳಗಿನ ಮೆತ್ತೆಯಲ್ಲ. ವ್ಯಾಯಾಮ, ಅದರ ಜೊತೆ ತಿಳುವಳಿಕೆ. ಎತ್ತಿ ಸೊಂಟ ಹಿಡಿದವನಿಗೆ ಮದ್ದು ಎತ್ತೋದೇ ಅಂದರೆ ವಿಚಿತ್ರ ಅನಿಸುತ್ತೆ, ಆದರೆ ಕಡಿಮೆಯಿಂದ ಶುರುಮಾಡಿ.

ಮೂರನೇ ವಾರ ಗೌರಿಹಬ್ಬಕ್ಕೆ ತಿಪಟೂರಿಗೆ ಹೋದೆ. ಬಸ್ಸಿನಲ್ಲಿ ಮೂರು ಗಂಟೆ ಕೂತರೂ ಸೊಂಟ ಸುಮ್ಮನಿತ್ತು. ಹೇಳಲೋ ಬೇಡವೋ ಅಂತ ಎರಡು ದಿನ ಒದ್ದಾಡಿದೆ. ಅರವತ್ತು ದಾಟಿದ ಮನುಷ್ಯನಿಗೆ, ನಿಮ್ಮ ಆರು ವಾರ ವ್ಯರ್ಥವಾಗಿತ್ತು ಅಂತ ಹೇಳಿ ಏನು ಸಿಗುತ್ತೆ? ಕೊನೆಗೆ ಸಂಜೆ ಜಗುಲಿ ಮೇಲೆ ಕೂತಿದ್ದಾಗ ಹೇಳಿಬಿಟ್ಟೆ, ಎರಡು ದಿನದವರ ಕಥೆ, ಹೆಲ್ಸಿಂಕಿಯ ಕಥೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, ‘ಆ ಓಡಾಡ್ಕೊಂಡಿದ್ದೋರು ಮೂಟೆ ಹೊರೋರಾ?’ ಅಂತ ಕೇಳಿದರು.

‘ಇಲ್ಲಪ್ಪ. ಆ ಊರಿನ ನಗರಾಡಳಿತದ ನೌಕರರು.’

‘ಹಂಗಾದ್ರೆ ಸಂಬಳ ಬರ್ತಿತ್ತು ಅನ್ನು.’

ನಾನು ಏನೂ ಹೇಳಲಿಲ್ಲ. ಅವರೇ ಮಾತು ಮುಂದುವರಿಸಿ, ‘ಆ ಡಾಕ್ಟ್ರು ಒಳ್ಳೇರು ಕಣೋ. ಕೊನೆಗೆ ದುಡ್ಡು ತಗೊಳ್ಳಲಿಲ್ಲ’ ಅಂದರು. ಒಳಗಿಂದ ಅಮ್ಮ ಕಾಫಿ ತಂದರು. ಅಪ್ಪ ಲೋಟ ಕೈಗೆ ತಗೊಂಡು, ‘ನೀನು ಎಷ್ಟು ಎತ್ತುತ್ತಿದ್ದೆ ಅಂದೆ? ನೂರಾ? ಕೊಬ್ಬರಿ ಮೂಟೆಗಿಂತ ಜಾಸ್ತಿನೇ ಆಯ್ತಲ್ಲೋ’ ಅಂದರು. ದನಿಯಲ್ಲಿ ಬೈಗುಳ ಇರಲಿಲ್ಲ.

ಮುಂದಿನ ಸೋಮವಾರ ಬಾರ್ ಮೇಲೆ ನಲವತ್ತು ಕೇಜಿ ಹಾಕಿದೆ. ಹೊತ್ತು ಸಂಜೆ ಆರು. ಫೋನು ಲಾಕರಿನಲ್ಲಿತ್ತು.